ಮಾತ್ರೆ ಮುಖದ ದಸರೆ

ಮೊನ್ನೆ ಅಟ್ಟದಿಂದ ಗೊಂಬೆಗಳ ಟ್ರಂಕು ಇಳಿಸಿದೆ. ಮುಚ್ಚಳ ತೆಗೆದದ್ದೇ ತಡ, ನುಸಿಗುಳಿಗೆಯ ವಾಸನೆ ಮುಖಕ್ಕೆ ಬಡಿಯಿತು. ಹಳೇ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಶೆಟ್ಟಮ್ಮನನ್ನು ಬಿಚ್ಚಿದೆ. ಅಕ್ಕಿ ಬೇಳೆ ಅಂಗಡಿ ಇಟ್ಟುಕೊಂಡು ಗಂಡ ಶೆಟ್ಟಿಯ ಪಕ್ಕ ಕೂರುವ ಗೊಂಬೆ ಅವಳು, ಕೆನ್ನೆ ಎರಡೂ ಗುಂಡಗೆ. ಅವಳನ್ನು ಕಂಡ ಮೇಲೆ ಸಿದ್ಧಾರ್ಥನಗರದ ಓನರ್ ಆಂಟಿ ನೆನಪಾಗದೇ ಇರುತ್ತಾರೆಯೇ...

ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಬಾಡಿಗೆಯವರು ಅಂದರೆ ಆಂಟಿಗೆ ಅರ್ಧ ನೆಂಟರು, ಅರ್ಧ ಕೂಲಿಯಾಳು. ದಸರಾ ಬಂತೆಂದರೆ ಗೊಂಬೆ ಜೋಡಿಸಲು ನನಗೆ ಕೆಳಗಿನಿಂದ ಕೂಗು ಬರುತ್ತಿತ್ತು. ಪಟ್ಟದ ಗೊಂಬೆಯ ರಾಣಿಗೆ ಸೀರೆ ಉಡಿಸುವುದನ್ನು ಮಾತ್ರ ಆಂಟಿ ಯಾರಿಗೂ ಬಿಟ್ಟುಕೊಟ್ಟವರಲ್ಲ. ಒಂದು ವರ್ಷ ಅವರ ಬೆರಳ ಗಂಟುಗಳೆಲ್ಲ ಊದಿ, ಬೆಳಗ್ಗೆ ಕಾಫಿ ಲೋಟ ಹಿಡಿಯಲೂ ಆಗದಂತಾಯಿತು. ಡಾಕ್ಟರು ಸ್ಟೆರಾಯ್ಡ್ ಮಾತ್ರೆ ಬರೆದರು. ಬೆಳಗ್ಗೆ ತಿಂಡಿ ಆದ ಮೇಲೆ ತಗೊಳ್ಳಿ, ನನ್ನ ಕೇಳದೆ ನಿಲ್ಲಿಸಬೇಡಿ ಅಂದಿದ್ದರು. ನೋವೇನೋ ಇಳಿಯಿತು. ಆದರೆ ತಿಂಗಳು ಕಳೆದಂತೆ ಮುಖ ಊದಿಕೊಳ್ಳುತ್ತಾ ಬಂತು.

ಹಬ್ಬ ಹತ್ತಿರ ಬಂದ ಹಾಗೆ ಆಂಟಿಗೆ ಕನ್ನಡಿಯದೇ ಚಿಂತೆ. "ಬೀದಿ ಹೆಂಗಸ್ರೆಲ್ಲ ಅರಿಶಿನ ಕುಂಕುಮಕ್ಕೆ ಬರ್ತಾರೆ. ಈ ಮುಖ ಹೊತ್ಕೊಂಡು ಎಂಗೆ ಕೂತ್ಕೊಳ್ಲಿ ಕಣಮ್ಮ?" ಅಂದರು. ಶೆಟ್ಟಮ್ಮನ ಪಕ್ಕ ಕೂತರೆ ಅಕ್ಕ ತಂಗಿಯರ ಹಾಗಿರುತ್ತೆ ಅಂತ ನಾನು ರೇಗಿಸಿದೆ. ಇಬ್ಬರೂ ನಕ್ಕೆವು. ನಕ್ಕ ಆಂಟಿ ಒಳಗೆ ಹೋಗಿ ಏನು ತೀರ್ಮಾನ ಮಾಡಿದರೋ, ಅದು ಆಗ ಯಾರಿಗೂ ಗೊತ್ತಾಗಲಿಲ್ಲ.

ಹಬ್ಬಕ್ಕೆ ಹಿಂದಿನ ದಿನ ಕೆಳಗಿಳಿದು ನೋಡಿದರೆ, ಅರ್ಧ ಜೋಡಿಸಿದ ಗೊಂಬೆಗಳ ಮುಂದೆ ಆಂಟಿ ನೆಲದ ಮೇಲೆ ಬಿದ್ದುಕೊಂಡಿದ್ದಾರೆ. ವಾಂತಿ, ತಲೆಸುತ್ತು, ಎದ್ದು ಕೂರಲು ತ್ರಾಣವಿಲ್ಲ. ಅವರ ಯಜಮಾನರು ಹೂವು ತರಲು ಮಾರ್ಕೆಟ್ಟಿಗೆ ಹೋಗಿದ್ದರು. ಆಟೋ ಹಿಡಿದು ಹತ್ತಿರದ ಆಸ್ಪತ್ರೆಗೆ ಕರೆದೊಯ್ದೆ. ನೆನ್ನೆ ತಿಂದ ವಡೆ ಕೆಟ್ಟಿತ್ತೇನೋ ಅಂತ ಆಂಟಿಯೇ ಡಾಕ್ಟರಿಗೆ ದಾರಿ ತೋರಿಸಿಬಿಟ್ಟರು. ಬಿಪಿ ಮಾತ್ರ ಪಾತಾಳಕ್ಕಿಳಿದಿತ್ತು. ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಅಂತ ಆ ಡಾಕ್ಟರಮ್ಮ ಕೇಳಿದರೆ ಇಲ್ಲ ಅಂತ ತಲೆಯಾಡಿಸಿದರು. ಸುಳ್ಳೇನಲ್ಲ ಬಿಡಿ, ನಿಲ್ಲಿಸಿಯಾಗಿತ್ತಲ್ಲ!

ಕೀಲುನೋವಿನ ಮಾತ್ರೆ ಏನಾಯಿತು ಅಂತ ನಾನು ಕೇಳಿದೆ. ಆಂಟಿ ಗೋಡೆ ಕಡೆ ಮುಖ ತಿರುಗಿಸಿದರು. ಮೆಲ್ಲಗೆ ಹೇಳಿದರು: "ನಿಲ್ಲಿಸ್ಬುಟ್ಟೆ ಡಾಕ್ಟ್ರೇ. ಹಬ್ಬಕ್ಕೆ ಮುಖ ಇಳೀಲಿ ಅಂತ."

ಡಾಕ್ಟರಮ್ಮ ತಕ್ಷಣ ಇಂಜೆಕ್ಷನ್ ತರಿಸಿದರು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಸಂಜೆ ಹೊತ್ತಿಗೆ ಆಂಟಿ ಎದ್ದು ಕೂತ ಮೇಲೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಬಹಳ ದಿನ ಈ ಮಾತ್ರೆ ತಿಂದರೆ ಅಂಥದ್ದೇ ಹಾರ್ಮೋನನ್ನು ಮೈ ತಾನಾಗಿ ತಯಾರಿಸುವುದನ್ನು ಕಡಿಮೆ ಮಾಡಿಬಿಡುತ್ತದಂತೆ. ಥಟ್ಟನೆ ನಿಲ್ಲಿಸಿದರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ, ಜೀವಕ್ಕೇ ಸಂಚಕಾರ. ಡಾಕ್ಟರು ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬರಬೇಕು, ಯಾವ ಡಾಕ್ಟರ ಹತ್ತಿರ ಹೋದರೂ ಈ ಮಾತ್ರೆಯ ವಿಷಯ ಮೊದಲು ಹೇಳಬೇಕು. ಆಂಟಿ ಮಗುವಿನಂತೆ ತಲೆಯಾಡಿಸಿದರು.

ಮನೆಗೆ ಬರುವಷ್ಟರಲ್ಲಿ ನವರಾತ್ರಿ ಅರ್ಧ ಮುಗಿದಿತ್ತು. ಆದರೂ ಗೊಂಬೆ ಕೂರಿಸಿದೆವು. ಹೆಂಗಸರು ಬಂದರು. ಅವರಲ್ಲೊಬ್ಬರು, ನಾನು ಹೆದರಿದ್ದ ಮಾತನ್ನೇ ಆಡಿದರು, ಎಷ್ಟು ದಪ್ಪಗಾಗಿಬಿಟ್ಟಿದ್ದೀರಿ ಅಂತ. ಆಂಟಿ ಕುಂಕುಮದ ತಟ್ಟೆ ಮುಂದೆ ಹಿಡಿದು, "ಮಾತ್ರೆ ಮುಖ ಕಣ್ರೀ. ಹೋಯ್ತದೆ, ಆದ್ರೆ ನಾನು ಅವಸರ ಮಾಡಂಗಿಲ್ಲ" ಅಂದರು. ಉಸಲಿ ತಿನ್ನುತ್ತಿದ್ದ ಇನ್ನೊಬ್ಬಾಕೆ ತಟ್ಟೆ ಕೆಳಗಿಟ್ಟು, ತನ್ನ ಅತ್ತೆಯೂ ಉಬ್ಬಸಕ್ಕೆ ಇಂಥದ್ದೇ ಮಾತ್ರೆ ತಗೊಳ್ಳುತ್ತಾರೆ, ಬಿಟ್ಟುಬಿಡಬೇಕು ಅಂತಿದ್ದಾರೆ ಅಂದರು. ಆಂಟಿ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು, ನೆಲದ ಮೇಲೆ ಬಿದ್ದಿದ್ದ ಕಥೆಯನ್ನೆಲ್ಲ ನಾಚಿಕೆಯಿಲ್ಲದೆ ಹೇಳಿದರು. ಆವತ್ತು ಅವರ ಮೇಲೆ ನನಗೆ ಬಂದ ಪ್ರೀತಿ ಅಷ್ಟಿಷ್ಟಲ್ಲ.

ಮುಂದಿನ ದಸರೆಯ ಹೊತ್ತಿಗೆ ಮಾತ್ರೆ ತೀರಾ ಕಡಿಮೆಯಾಗಿತ್ತು, ಮುಖ ಮೊದಲಿನಂತಾಗಿತ್ತು. ಪಟ್ಟದ ಗೊಂಬೆಗೆ ಅದೇ ಬೆರಳುಗಳಲ್ಲಿ ನೆರಿಗೆ ಹಿಡಿದು ಸೀರೆ ಉಡಿಸಿದರು. ನಾವು ಗೋಕುಲಂಗೆ ಮನೆ ಬದಲಾಯಿಸಿದಾಗ ಶೆಟ್ಟಮ್ಮನನ್ನು ನನ್ನ ಕೈಗಿತ್ತರು. "ನನ್ ಮುಖ ನಂಗೆ ವಾಪಸ್ ಬಂತು, ಈ ಮುಖ ನೀನಿಟ್ಕೋ. ಶೆಟ್ಟಿ ಒಬ್ನೇ ಅಂಗಡಿ ನೋಡ್ಕೊಳ್ಲಿ ಬುಡು..."

ಈಗ ನನ್ನ ಸರದಿ. ಶ್ವಾಸಕೋಶದ ತೊಂದರೆಗೆ ಅದೇ ಬಗೆಯ ಮಾತ್ರೆ, ಅದೇ ದುಂಡು ಮುಖ. ಹಬ್ಬದ ಮಟ್ಟಿಗೆ ನಿಲ್ಲಿಸಿದರೆ ಹೇಗೆ ಎಂದು ನನಗೂ ಆಸೆಯಾಯಿತು, ಆಗಲಿಲ್ಲ ಎನ್ನಲಾರೆ. ಆದರೆ ಇವತ್ತೂ ದೋಸೆ ತಿಂದು ಮಾತ್ರೆ ನುಂಗಿದೆ. ಉಸಿರು ಹಗುರಾಗಿದೆ, ಈ ವಾರದಿಂದ ಡಾಕ್ಟರು ಸ್ವಲ್ಪ ಇಳಿಸಿದ್ದಾರೆ.

ಸಂಜೆ ಎದುರು ಮನೆಯಾಕೆ ಬಂದು ನನ್ನ ಮುಖ ನೋಡಿ ಹುಬ್ಬೇರಿಸಿದರು. "ಮಾತ್ರೆ ಮುಖ ಕಣ್ರೀ" ಎಂದು ಬಾಯಿಂದ ತಾನಾಗಿ ಬಂತು. ಆಂಟಿ ತೀರಿಕೊಂಡು ವರ್ಷಗಳೇ ಆದವು... ಸರಿಯಾಗಿ ಹೇಳಿದೆನಾ ಆಂಟಿ ಎಂದು ಕೂಗಿ ಕೇಳೋಣವೆಂದರೆ, ಇದು ಆ ಮಹಡಿಯೂ ಅಲ್ಲ, ಕೆಳಗೆ ಅವರೂ ಇಲ್ಲ.