ಒಲೆಯ ವಾಸನೆ ಹಿಡಿದ ಮೂಗು

ಆ ವಾಸನೆಯನ್ನು ಮೊದಲು ಹಿಡಿದವನು ನಾನೇ ಎಂದು ಹಲವು ವರ್ಷ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಈಗ ಅನುಮಾನ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕಂಡದ್ದನ್ನೆಲ್ಲ ಶಂಕಿಸುವುದನ್ನೇ ರೂಢಿ ಮಾಡಿಕೊಂಡ ನಾನು ಇದೊಂದು ನೆನಪನ್ನು ಮಾತ್ರ ಶಂಕಿಸದೆ ಬಿಟ್ಟಿದ್ದೆ.

ಎರಡು ಸಾವಿರದ ಐದೋ ಆರೋ ಇರಬೇಕು. ಏಪ್ರಿಲ್ ಅಂತೂ ಹೌದು. ಬಸವೇಶ್ವರನಗರದ ನನ್ನ ಚಿಕ್ಕಮ್ಮ ಪ್ರತಿ ಗುರುವಾರ ಕೆಂಗೇರಿಯಲ್ಲಿದ್ದ ಅಕ್ಕನ ಮನೆಗೆ, ಅಂದರೆ ನನ್ನ ದೊಡ್ಡಮ್ಮನ ಮನೆಗೆ, ಚೌಕಾಬಾರ ಆಡಲು ಹೋಗುತ್ತಿದ್ದರು. ಮಂಡಿನೋವಿನ ದೊಡ್ಡಮ್ಮ ಹೊಸಿಲು ದಾಟುತ್ತಿರಲಿಲ್ಲ. ಚಿಕ್ಕಮ್ಮನಿಗೋ ಧೂಳು ಆಗದು. ಮೈಸೂರು ರಸ್ತೆಯಲ್ಲಿ ಕಿಟಕಿ ತೆರೆದು ಹೋದರೆ ಮೂರು ದಿನ ಕೆಮ್ಮು, ಮುಚ್ಚಿಕೊಂಡು ಹೋದರೆ ಇಡ್ಲಿ ಪಾತ್ರೆಯೊಳಗೆ ಕೂತಂತೆ. ಆ ಗುರುವಾರಗಳು ನಿಂತದ್ದೇ ಅವರ ಹಳೆಯ ಕಾರಿನ ಎ.ಸಿ.ಯ ಮೇಲೆ, ಮತ್ತು ಸ್ವಲ್ಪ ಮಟ್ಟಿಗೆ ಡ್ರೈವರ್ ಆದ ನನ್ನ ಮೇಲೆ.

ಎ.ಸಿ. ಬಿಸಿಗಾಳಿ ಊದತೊಡಗಿದಾಗ ಇಬ್ಬರೂ ಒಂದು ಬುಧವಾರ ಬೆಳಿಗ್ಗೆ ಕಾಮಾಕ್ಷಿಪಾಳ್ಯದ ಮೆಕ್ಯಾನಿಕ್ ಹತ್ತಿರ ಹೋದೆವು. ಆತ ಮೀಟರ್ ಹಾಕಿ ನೋಡಿ, "ಗ್ಯಾಸ್ ಪೂರ್ತಿ ಖಾಲಿ ಅಮ್ಮಾ" ಎಂದ.

"ಬುಕ್ ಮಾಡಿದ್ರೆ ಎಷ್ಟು ದಿನಕ್ಕೆ ಬರತ್ತೆ?" ಎಂದರು ಚಿಕ್ಕಮ್ಮ.

"ಅಡುಗೆ ಗ್ಯಾಸ್ ಅಲ್ಲ ಚಿಕ್ಕಮ್ಮ, ಇದು ಬೇರೆ." ನಾನು ಪಾಠ ಶುರುಮಾಡಿದೆ. ಹಳೆಯ ಕಾರುಗಳ ಗ್ಯಾಸು ಓಝೋನ್ ಪದರವನ್ನು ತೂತು ಮಾಡುತ್ತದೆ, ಅದಕ್ಕೇ ಅದನ್ನು ನಿಲ್ಲಿಸುತ್ತಿದ್ದಾರೆ ಎಂದೆಲ್ಲ ವಿವರಿಸಿದೆ.

"ಆಕಾಶದ ತೂತು ಆಮೇಲೆ ನೋಡ್ಕೊಳ್ಳೋಣ. ನಾಳೆ ಗುರುವಾರ ಕಣೋ."

ಮೆಕ್ಯಾನಿಕ್ ಕೈ ಒರೆಸಿಕೊಂಡ. "ಹಳೇ ಗ್ಯಾಸು ಎಲ್ಲೂ ಸಿಗ್ತಾ ಇಲ್ಲ ಸಾರ್. ಹೊಸಾದು ಹಾಕ್ಬೋದು, ಆದ್ರೆ ಅದಕ್ಕೂ ಹಳೇ ಕಂಪ್ರೆಸರ್ ಎಣ್ಣೆಗೂ ಆಗಲ್ಲ. ಎಣ್ಣೆ, ರಬ್ಬರ್ ವಾಷರ್ ಎಲ್ಲಾ ಚೇಂಜು. ಶನಿವಾರ ಆಗತ್ತೆ. ಇನ್ನೊಂದಿದೆ, ಮಧ್ಯದ್ದು. ಏನೂ ಬಿಚ್ಚೋ ಹಾಗಿಲ್ಲ, ಅರ್ಧ ಗಂಟೆ ಸಾಕು."

ಆ ಮಧ್ಯದ್ದು ಏನೆಂದು ನನಗೆ ಕೂಡಲೇ ಹೊಳೆಯಿತು. ಪುಸ್ತಕದ ಪ್ರಕಾರ ಅದು ಚೆನ್ನಾಗಿಯೇ ತಂಪು ಮಾಡುತ್ತದೆ, ಹಳೆಯ ಎಣ್ಣೆಯ ಜೊತೆಗೂ ಹೊಂದಿಕೊಳ್ಳುತ್ತದೆ. ಅಷ್ಟನ್ನು ಗಟ್ಟಿಯಾಗಿ ಹೇಳಿದೆ. ಬೆಂಕಿ ಹತ್ತಿಕೊಳ್ಳುತ್ತದೆ ಎಂಬುದನ್ನು ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿರಲಾರೆ. ಹೇಳದಿದ್ದರೆ ಮೂರು ದಿನ ಗ್ಯಾರೇಜಿಗೆ ಓಡಾಡುವುದು ತಪ್ಪುತ್ತಿತ್ತು.

ಮೆಕ್ಯಾನಿಕ್ ಡಬ್ಬಿಗೆ ಪೈಪು ಸಿಕ್ಕಿಸುವಾಗ ಒಂದಿಷ್ಟು ಗ್ಯಾಸು ಪುಸ್ಸೆಂದಿತು. ಇಲ್ಲಿಂದ ಮುಂದೆ ನನ್ನ ನೆನಪಿನ ಪ್ರಕಾರ ನಾನು ಮೂಗು ಅರಳಿಸಿ, ಕೈ ಎತ್ತಿ, "ನಿಲ್ಸಿ" ಎಂದೆ. ಚಿಕ್ಕಮ್ಮ ಸೆರಗು ಮೂಗಿಗೆ ಒತ್ತಿಕೊಂಡು ಹೇಳಿದ್ದಂತೂ ಚೆನ್ನಾಗಿ ನೆನಪಿದೆ:

"ಏನೋ ಇದು, ನಮ್ಮನೆ ಒಲೆ ವಾಸನೆ!"

"ಸ್ವಲ್ಪ ಅದೇ ಜಾತಿ ಅಮ್ಮಾ. ಲೀಕ್ ಆದ್ರೆ ತಾನೇ ತೊಂದ್ರೆ? ಆಗಲ್ಲ ಬಿಡಿ."

"ಲೀಕ್ ಆಗಲ್ಲ ಅಂದ್ರೆ ಹಳೇದು ಎಲ್ಲಿಗೆ ಹೋಯ್ತಪ್ಪಾ?"

ಮೆಕ್ಯಾನಿಕ್ ನನ್ನ ಮುಖ ನೋಡಿದ. ನಾನು ಬಾನೆಟ್ಟಿನೊಳಗೆ ಏನನ್ನೋ ಹುಡುಕಿದೆ.

"ಅಡುಗೆ ಗ್ಯಾಸ್ ಅಲ್ಲ, ಬೇರೆ ಅಂದ್ಯಲ್ಲೋ. ನನ್ನ ಒಲೆ ಮೇಲೆ ಕೂರಿಸ್ಕೊಂಡು ಕೆಂಗೇರಿಗೆ ಕರ್ಕೊಂಡೋಗ್ತೀಯಾ? ಹೊಸಾದೇ ಹಾಕಪ್ಪ. ಶನಿವಾರವೇ ಆಗ್ಲಿ."

ಹೀಗೆ ಒಂದು ಗುರುವಾರ ಹೋಯಿತು. ಚಿಕ್ಕಮ್ಮ ಪಂದ್ಯ ಬಿಡಲಿಲ್ಲ, ಫೋನಿನಲ್ಲೇ ಆಡಿದರು. ಮಣೆ ಕೆಂಗೇರಿಯಲ್ಲಿ, ಕವಡೆಯೂ ಅಲ್ಲಿಯೇ. ಇಬ್ಬರ ಪರವಾಗಿಯೂ ದೊಡ್ಡಮ್ಮನೇ ಕವಡೆ ಹಾಕಿ ವರದಿ ಕೊಡುತ್ತಿದ್ದರು. "ನಿಂಗೆ ಒಂದು ಬಿತ್ತು ಕಣೇ. ನಂಗೆ ಬಾರ. ಅಯ್ಯೋ, ಮತ್ತೆ ಬಾರ!" ಅರ್ಧ ಗಂಟೆಯೊಳಗೆ ದೊಡ್ಡಮ್ಮನ ನಾಲ್ಕೂ ಕಾಯಿ ಮನೆ ಸೇರಿ ಹಣ್ಣಾದವು. ಪಕ್ಕದಲ್ಲೇ ಕೂತಿದ್ದ ನಾನು, ಪುರಾವೆಯಿಲ್ಲದ್ದನ್ನು ನಂಬಬಾರದು ಎಂದೆ. "ಅಕ್ಕ ಸುಳ್ಳು ಹೇಳಲ್ಲ" ಎಂದು ಚಿಕ್ಕಮ್ಮ ಹಲ್ಲು ಕಚ್ಚಿಕೊಂಡೇ ಹೇಳಿದರು.

ಮುಂದಿನ ಗುರುವಾರ ಹೊಸ ಗ್ಯಾಸಿನ ಮೇಲೆ ಕೆಂಗೇರಿಗೆ ಹೋದೆವು. ಮೊದಲಿನಷ್ಟು ತಣ್ಣಗಿರಲಿಲ್ಲ, ಆದರೆ ಕಿಟಕಿ ಮುಚ್ಚಿಕೊಂಡು ಕೂರಬಹುದಿತ್ತು. ಚಿಕ್ಕಮ್ಮ ಒಂದು ಸಲವೂ ಕೆಮ್ಮದೆ ಇಳಿದು, ಸೀದಾ ಮಣೆಯ ಮುಂದೆ ಕೂತು, ಕವಡೆಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. ಆಮೇಲೆ ಅಕ್ಕನಿಗೆ ಗ್ಯಾಸಿನ ಕತೆ ಹೇಳಿದರು.

"ಇವನಿಲ್ದಿದ್ರೆ ಸುಟ್ಟು ಬೂದಿ ಆಗ್ತಿದ್ದೆ ಕಣಕ್ಕ. ವಾಸನೆ ಹಿಡಿದಿದ್ದೇ ಇವನು. ಓದಿದ ಮೂಗು!"

ನಾನು ಬೇಡವೆನ್ನಲಿಲ್ಲ. ಅಂದಿನಿಂದ ಅದು ನನ್ನದೇ ನೆನಪಾಗಿ ಉಳಿದುಕೊಂಡಿತು.

ಮೊನ್ನೆ ಯಾರಿಗೋ ಇದೇ ಕತೆ ಹೇಳುತ್ತಿದ್ದಾಗ ಕೆಂಗೇರಿಯ ಆ ಮಧ್ಯಾಹ್ನದ ಇನ್ನೊಂದು ತುಣುಕು ತಾನಾಗಿ ನೆನಪಿಗೆ ಬಂತು. ದೊಡ್ಡಮ್ಮ ನನ್ನ ಮುಂದೆ ಒಂದು ಲೋಟ ಮೆಣಸಿನ ಕಷಾಯ ಇಟ್ಟು, "ಕುಡಿಯೋ. ಹತ್ತು ದಿನದಿಂದ ಮೂಗು ಕಟ್ಟಿದೆ ಅಂತೀಯ, ಇನ್ನೂ ಬಿಟ್ಟಿಲ್ವಾ?" ಎಂದಿದ್ದರು. ಚಿಕ್ಕಮ್ಮ ಮಣೆಯಿಂದ ತಲೆ ಎತ್ತಿರಲಿಲ್ಲ. ಕವಡೆ ಕುಲುಕುತ್ತ, "ಮುಂದಿನ ಗುರುವಾರ ಬೇಗ ಬಾರೋ" ಎಂದಷ್ಟೇ ಹೇಳಿದ್ದರು.