ಗಜನಿ ಕಟ್ಟೆಯ ಮೇಲಿನ ಸೈಕಲ್ಲು

ಮಂಜಗುಣಿಯ ಬೇಬಿ ಸೈಕಲ್ ಕಲಿತದ್ದು ನಲವತ್ತೊಂದನೇ ವಯಸ್ಸಿನಲ್ಲಿ. ಕಚ್ಚೆ ಹಾಕಿದ ಸೀರೆ, ಹಿಂದಿನ ಕ್ಯಾರಿಯರಿಗೆ ಕಟ್ಟಿದ ಮೀನಿನ ಪೆಟ್ಟಿಗೆ, ಗಂಡಸರ ಸೈಕಲ್ಲು. ಮೊದಲ ದಿನ ಊರಿಗೆ ಊರೇ ಬಾಗಿಲಿಗೆ ಬಂದು ನಿಂತು ನಕ್ಕಿತು. ನಗಲಿ ಬಿಡಿ, ನಕ್ಕವರ ಮನೆಗೇ ಮರುದಿನ ಅವಳು ತಾರ್ಲೆ ಮೀನು ಮಾರಿದಳು.

ಸೈಕಲ್ಲು ಅವಳ ಗಂಡ ಕುಪ್ಪನದು. ಅಂಕೋಲೆಗೆ ಹೋಗುವ ಡಾಂಬರು ರಸ್ತೆಯ ತಿರುವಿನಲ್ಲಿ ಒಂದು ಲಾರಿ ಅವನನ್ನು ಕೆಡವಿ ನಿಲ್ಲದೆ ಹೋಯಿತು. ಸೈಕಲ್ಲಿಗೆ ಏನೂ ಆಗಿರಲಿಲ್ಲ, ಬೆಲ್ಲಿನ ಮುಚ್ಚಳ ಮಾತ್ರ ಹಾರಿತ್ತು. ಹದಿಮೂರನೇ ದಿನ ಕಳೆದ ಮೇಲೆ ಬೇಬಿ ಅದನ್ನು ಹೊರಗೆ ತೆಗೆದಳು. ಆದರೆ ಆ ರಸ್ತೆಯ ಮೇಲೆ ಕಾಲಿಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಳು. ಬಸ್ಸಿನಲ್ಲಿ ಹೋಗುವಾಗಲೂ ಆ ತಿರುವು ಬಂದರೆ ಕಣ್ಣು ಮುಚ್ಚುತ್ತಿದ್ದಳು.

ಹಾಗಾದರೆ ಹೋಗುವುದು ಎಲ್ಲಿಂದ? ಗಜನಿಯ ಮೇಲಿಂದ. ಹೊಳೆಯ ಉಪ್ಪುನೀರು ಒಳಗೆ ಬಾರದಂತೆ ಮಣ್ಣಿನ ಕಟ್ಟೆ ಹಾಕಿ ಭತ್ತ ಬೆಳೆಯುವ ಗದ್ದೆಗಳು ಅವು. ಆ ಕಟ್ಟೆಯ ನೆತ್ತಿಯ ಮೇಲೆ, ಎರಡೂ ಕಡೆ ಹುಲ್ಲಿನ ಅಂಚು ಬಿಟ್ಟು, ಒಂದು ಸೈಕಲ್ಲಿಗಾಗುವಷ್ಟು ಜಾಡು. ಆಚೆಗೆ ಚಿರೇಕಲ್ಲಿನ ಚೂರು ಹಾಸಿದ ಓಣಿ, ಅದರಾಚೆ ಗೇರು ಹಕ್ಕಲು, ಯಾರದೋ ಅಂಗಳ, ಮತ್ತೆ ಕಟ್ಟೆ. ಕಾರಿಲ್ಲ, ಲಾರಿಯಿಲ್ಲ, ಹಾರ್ನಿನ ಸದ್ದಿಲ್ಲ. ಆರು ಕೇರಿಗಳಿಗೆ ಅವಳ ಮೀನು ಹೋಗುವುದು ಆ ದಾರಿಯಲ್ಲೇ.

ದಾರಿಯೆಂದರೆ ಅದು ಸರ್ಕಾರದ್ದಲ್ಲ. ಹನ್ನೊಂದು ಮನೆಯವರ ಜಾಗ. ಬೇಬಿ ಹನ್ನೊಂದು ಮನೆಗೂ ಹೋಗಿ ಕೇಳಿಕೊಂಡಿದ್ದಳು. ಕಟ್ಟೆಯ ಕೊನೆಯ ಮನೆ ಅಕ್ಕಮ್ಮನದು. ಬೇರೆಯವರ ಗದ್ದೆಯಲ್ಲೂ ಕೂಲಿ ಮಾಡಿ ತನ್ನದೊಂದು ತುಂಡು ಗಜನಿಯನ್ನು ಉಳಿಸಿಕೊಂಡ ಮುದುಕಿ. ಅವಳು ಎರಡೇ ಮಾತು ಹೇಳಿದಳು. ಬೇಲಿಯ ಬಿದಿರಿನ ದಣಪೆ ದಾಟಿದ ಮೇಲೆ ಗಳ ಎಳೆದು ಮುಚ್ಚಬೇಕು, ದನ ನುಗ್ಗಬಾರದು. ಕಟ್ಟೆ ಎಲ್ಲಾದರೂ ಜಗ್ಗಿದ್ದು ಕಂಡರೆ ಇಳಿದು ಒಂದು ಹೆಂಟೆ ಮಣ್ಣು ಇಟ್ಟು ಹೋಗಬೇಕು. ಬೇಬಿ ಹನ್ನೊಂದು ವರ್ಷ ಎರಡನ್ನೂ ತಪ್ಪಿಸಲಿಲ್ಲ. ಅವಳ ಉಗುರಿನ ಸಂದಿಯಲ್ಲಿ ಮೀನಿನ ಪೊರೆಗಿಂತ ಗಜನಿಯ ಕೆಸರೇ ಹೆಚ್ಚು ಇರುತ್ತಿತ್ತು.

ಕಳೆದ ಜನವರಿಯಲ್ಲಿ ಅವಳ ತಮ್ಮ ಕಿಶನ ಬಂದ. ಅವನು ಮನೆ ಮಾಡಿಕೊಂಡಿರುವುದು ಕಾರವಾರದ ಕೋಡಿಬಾಗದಲ್ಲಿ. ದೇವಬಾಗಕ್ಕೆ ಬರುವ ಪ್ರವಾಸಿಗಳನ್ನು ದೋಣಿಯಲ್ಲಿ ತಿರುಗಿಸುವುದು ಕೆಲಸ. ತಾಯಿ ಸತ್ತಾಗ ನಾಲ್ಕು ವರ್ಷದವನಿದ್ದ, ಸಾಕಿದವಳು ಬೇಬಿಯೇ. ಅವನ ಜೊತೆ ಫ್ರಾನ್ಸ್ ದೇಶದ ಒಬ್ಬ ಹೆಂಗಸು, ಅರವತ್ತರ ಹತ್ತಿರದವಳು, ದಪ್ಪ ಗಾಲಿಯ ಸೈಕಲ್ಲು ತಂದಿದ್ದಳು. ಗಾಡಿಗಳಿಲ್ಲದ ದಾರಿ ಇದ್ದರೆ ತೋರಿಸಿ ಎಂದು ಅವಳು ಕೇಳಿದ್ದಳಂತೆ. ಅಕ್ಕನ ದಾರಿ ತಮ್ಮನಿಗೆ ನೆನಪಾಯಿತು.

ಇಬ್ಬರು ಹೆಂಗಸರೂ ಒಬ್ಬರ ಹಿಂದೆ ಒಬ್ಬರು ಇಡೀ ದಿನ ಸೈಕಲ್ ತುಳಿದರು. ಭಾಷೆ ಬರದಿದ್ದರೇನಂತೆ, ಏರು ಬಂದಾಗ ಇಬ್ಬರಿಗೂ ಏದುಸಿರು ಬರುತ್ತಿತ್ತಲ್ಲ! ಆಕೆ ತನ್ನೂರಿನ ಫೋಟೋ ತೋರಿಸಿದಳು. ಅಲ್ಲೂ ಕಾಲುವೆಯ ದಂಡೆಗುಂಟ ಸಣ್ಣ ಕಲ್ಲು ಹಾಸಿದ ದಾರಿ, ಎರಡೂ ಕಡೆ ಹುಲ್ಲು, ಮನುಷ್ಯರ ಸುಳಿವಿಲ್ಲ. ಅಲ್ಲೂ ದನ ಮೇಯುವ ಹಕ್ಕಲು, ಅಲ್ಲೂ ಒಂದು ದಣಪೆ. ದಾಟಿದ ಮೇಲೆ ಮುಚ್ಚಬೇಕು ಎಂದು ಆಕೆ ಕೈಯಲ್ಲೇ ಮಾಡಿ ತೋರಿಸಿದಳು. ಬೇಬಿಗೆ ಕುಶಿಯೋ ಕುಶಿ. ಹೊರಡುವಾಗ ಆ ಹೆಂಗಸೂ ಬಗ್ಗಿ ಕಟ್ಟೆಗೆ ಒಂದು ಹೆಂಟೆ ಇಟ್ಟಳು, ಯಾರೂ ಹೇಳದೆ.

ಮುಂದಿನ ವಾರ ಕಿಶನ ಒಬ್ಬನೇ ಬಂದ. ಕೈಯಲ್ಲಿ ಹೊಸ ಫೋನು. ಅದನ್ನು ಸೈಕಲ್ಲಿನ ಹ್ಯಾಂಡಲಿಗೆ ತಾನೇ ಕೂತು ಬಿಗಿದ.

“ಭಾವ ಹೋದಾಗಿಂದ ನಂಗೆ ಧೈರ್ಯ ಇಲ್ಲ ಅಕ್ಕಾ. ಇದು ಇದ್ರೆ ನೀ ಎಲ್ಲಿದ್ದೆ ಅಂತ ನಂಗೆ ಅಲ್ಲೇ ಕಾಣ್ತದೆ. ಆರಿಸ್ಬೇಡ, ಹಾಂ?”

ಹನ್ನೊಂದು ವರ್ಷದಲ್ಲಿ ಅವಳು ಎಲ್ಲಿದ್ದಾಳೆಂದು ಕೇಳಿದವರೇ ಇರಲಿಲ್ಲ. ಆ ದಿನ ಹನ್ನೊಂದೂ ಮನೆಯಲ್ಲಿ ಹೇಳಿಕೊಂಡು ಬಂದಳು: ನನ್ನ ತಮ್ಮ ಅಲ್ಲಿಂದಲೇ ನನ್ನ ಮೇಲೆ ಕಣ್ಣಿಟ್ಟಿದ್ದಾನೆ. ಅಕ್ಕಮ್ಮ “ನೀ ಪುಣ್ಯ ಮಾಡಿದ್ದೆ ಮಾರಾಯ್ತಿ” ಎಂದಳು.

ಆಷಾಢದ ಮಳೆಯಲ್ಲಿ ಒಂದು ದಿನ ಕಟ್ಟೆಯಿಂದ ಜಾರಿ, ನೀರು ಬಿಡುವ ಬಾಗಿಲಿನ ಹಲಗೆಗಳ ನಡುವೆ ಅವಳ ಕಾಲು ಸಿಕ್ಕಿಕೊಂಡಿತು. ಎರಡು ತಾಸು ಮಳೆಯಲ್ಲಿ ನೆನೆಯುತ್ತ ಕೂತಳು. ಫೋನು ಮೇಲೆ ಸೈಕಲ್ಲಿನಲ್ಲಿ, ಕೈಗೆ ಎಟಕದು. ಇರಲಿ, ಅಕ್ಕ ಒಂದೇ ಕಡೆ ನಿಂತಿದ್ದಾಳೆಂದು ಅವನಿಗೆ ಕಾಣುತ್ತದೆ, ಈಗ ಯಾರನ್ನಾದರೂ ಕಳಿಸುತ್ತಾನೆ ಎಂದು ಕಾದಳು. ಕೊನೆಗೆ ಎಳೆದು ತೆಗೆದವಳು ಅಕ್ಕಮ್ಮ. ಮಳೆಗೆ ನೆಟ್‌ವರ್ಕ್ ಇರಲಿಕ್ಕಿಲ್ಲ, ಪಾಪ, ಎಂದು ಬೇಬಿ ತಮ್ಮನ ಪರವಾಗಿ ತಾನೇ ಸಮಾಧಾನ ಹೇಳಿಕೊಂಡಳು. ಎಂಥ ಪೆದ್ದಿ ನೋಡಿ!

ದಸರಾ ರಜೆಗೆ ಅವರು ಬಂದರು. ಒಬ್ಬಿಬ್ಬರಲ್ಲ, ಇಪ್ಪತ್ತು ಸೈಕಲ್ಲು. ಎಲ್ಲರದೂ ಒಂದೇ ಬಣ್ಣದ ಅಂಗಿ, ಬೆನ್ನ ಮೇಲೆ ಯಾವುದೋ ಸೈಕಲ್ ಪ್ರವಾಸ ಕಂಪನಿಯ ಹೆಸರು. ಬೇಬಿ ಇಳಿದು ಬದಿಗೆ ನಿಂತು, ಆಮೇಲೆ ಅವರ ಹಿಂದೆಯೇ ಹೊರಟಳು. ಅವರು ಅವಳು ತಿರುಗುವಲ್ಲೇ ತಿರುಗಿದರು, ಅವಳು ಹಾಯುವ ಅಂಗಳದಲ್ಲೇ ಹಾಯ್ದರು. ಗೇರು ಹಕ್ಕಲಿನ ತುದಿಗೆ ಬಂದಾಗ ಮುಂದಿನವನು ನೆಟ್ಟಗೆ ಹೋಗದೆ ಕೇದಿಗೆ ಮೆಳೆಯ ಹಿಂದಿನಿಂದ ಒಂದು ಸುತ್ತು ಹಾಕಿದ. ಇಪ್ಪತ್ತೂ ಮಂದಿ ಹಾಗೇ ಸುತ್ತು ಹಾಕಿದರು.

ಬೇಬಿ ಸೈಕಲ್ಲಿನಿಂದ ಇಳಿದಳು. ಆ ಮೆಳೆಯ ಹಿಂದೆ ದಾರಿಯೇ ಇಲ್ಲ. ದಿನಾ ಅಷ್ಟು ಹೊತ್ತಿಗೆ, ಯಾರ ಕಣ್ಣಿಗೂ ಬೀಳದ ಜಾಗವೆಂದು, ಅವಳು ಉಚ್ಚೆಗೆ ಕೂರುತ್ತಿದ್ದ ಮರೆ ಅದು.

ಹಿಂದೆ ಬಿದ್ದ ಒಬ್ಬ ಹುಡುಗಿಯನ್ನು ನಿಲ್ಲಿಸಿ, ಈ ದಾರಿ ಯಾರು ಹೇಳಿದ್ದು ಎಂದು ಕೇಳಿದಳು. ಹುಡುಗಿ ನಗುತ್ತ ಫೋನು ತೋರಿಸಿದಳು. ಅದರಲ್ಲೊಂದು ಕೆಂಪು ಗೆರೆ. ಮಂಜಗುಣಿಯ ಅವಳ ಮನೆ ಬಾಗಿಲಿನಿಂದ ಹೊರಟು, ಅವಳು ದಮ್ಮು ಹತ್ತಿ ನಿಲ್ಲುವಲ್ಲೆಲ್ಲ ನಿಂತು, ಮೆಳೆಯನ್ನು ಸುತ್ತಿ ಹೋಗಿತ್ತು ಆ ಗೆರೆ.

ಅಷ್ಟರಲ್ಲಿ ಕಟ್ಟೆಯ ಮೇಲೆ ಜೀಪು ಬಂತು. ನೀರಿನ ಬಾಟಲಿ, ಪಂಕ್ಚರಿನ ಸಾಮಾನು, ದಣಿದವರನ್ನು ಹತ್ತಿಸಿಕೊಳ್ಳಲು ಸೀಟು. ಸೈಕಲ್ಲಿನ ಜಾಗದಲ್ಲಿ ಜೀಪು. ಎರಡೂ ಅಂಚಿನ ಮಣ್ಣು ಜರಿದು ಬೀಳುತ್ತಿತ್ತು. ತೆಗೆದ ದಣಪೆ ತೆಗೆದಂತೆಯೇ ಇತ್ತು. ಮುಂದಿನ ಸೀಟಿನಲ್ಲಿ ಅದೇ ಬಣ್ಣದ ಅಂಗಿ ತೊಟ್ಟು ಕೂತವನು ಕಿಶನ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು?

ಬೇಬಿ ಬೈಯಲಿಲ್ಲ. ಜೀಪಿನ ಬಾಗಿಲು ಹಿಡಿದು ಒಂದೇ ಮಾತು ಕೇಳಿದಳು. “ಮಳೆಗಾಲದಲ್ಲಿ ನಾ ಎರಡು ತಾಸು ಅಲ್ಲಿ ಸಿಕ್ಕಿಬಿದ್ದಿದ್ದೆ. ನಿಂಗೆ ಕಾಣ್ಲಿಲ್ಲೇನೋ ತಮಾ?”

ಕಿಶನ ಮುಖ ಕೊಡದೆ ಆಚೆ ನೋಡಿದ. “ನಾ ಎಲ್ಲಿ ನೋಡ್ತೆ ಅಕ್ಕಾ. ಅದು ಸೀದಾ ಕಂಪನಿಗೆ ಹೋಗೂದು.”

ಜೀಪು ಹೋಯಿತು. ಕತ್ತಲಾಗುವವರೆಗೆ ಒಬ್ಬಳೇ ಕಟ್ಟೆಗೆ ಮಣ್ಣು ಮೆತ್ತಿದಳು. ಜೀಪು ಜರಿಸಿದ್ದು ಹೆಂಟೆ ಲೆಕ್ಕದಲ್ಲಿ ತುಂಬುವಂಥದ್ದೇ? ಹುಣ್ಣಿಮೆಯ ಉಬ್ಬರಕ್ಕೆ ಕಟ್ಟೆ ಒಡೆಯಿತು. ಕೊಯ್ಲಿಗೆ ಹದಿನೈದು ದಿನವಿದ್ದ ಅಕ್ಕಮ್ಮನ ಭತ್ತದಲ್ಲಿ ಉಪ್ಪುನೀರು ಮೂರು ದಿನ ನಿಂತಿತು. ತೆನೆ ಹಿಚುಕಿದರೆ ಬರೀ ಜೊಳ್ಳು.

ಬೇಬಿ ಹೋದಾಗ ಅಕ್ಕಮ್ಮ ದಣಪೆಗೆ ಮುಳ್ಳು ಕಟ್ಟುತ್ತಿದ್ದಳು. ಉಳಿದ ಹತ್ತು ಮನೆಯವರೂ ಕಟ್ಟಿಯಾಗಿತ್ತು. ಕೆಡಿಸಿದ್ದು ನನ್ನ ತಮ್ಮ, ನನಗೇ ಗೊತ್ತಿರಲಿಲ್ಲ ಎಂಬ ಮಾತು ಬೇಬಿಯ ನಾಲಿಗೆಯ ತುದಿಗೆ ಬಂತು. ಆದರೆ ಆ ಫೋನಿನ ಹೆಮ್ಮೆಯನ್ನು ಮನೆ ಮನೆಗೆ ಸಾರಿದವಳು ತಾನೇ ಅಲ್ಲವೇ?

ಅಕ್ಕಮ್ಮ ಮುಳ್ಳಿನಿಂದ ಕಣ್ಣೆತ್ತದೆ ಹೇಳಿದಳು, “ನಾ ದಾರಿ ಕೊಟ್ಟದ್ದು ನಿಂಗೆ, ಬೇಬೀ. ನಿನ್ನ ತಮ್ಮಂಗಲ್ಲ.”

ಆರು ಕೇರಿಯ ಗಿರಾಕಿಗಳನ್ನು ಬಿಟ್ಟರೆ ಬೇಬಿಯ ಒಲೆ ಉರಿಯುವುದಿಲ್ಲ. ಮರುದಿನ ಬೆಳಿಗ್ಗೆ ಅವಳು ಬಂಗಡೆಯ ಪೆಟ್ಟಿಗೆ ಕಟ್ಟಿ ಡಾಂಬರು ರಸ್ತೆಗೆ ಬಂದಳು. ಲಾರಿ ಹಾಯ್ದಾಗಲೆಲ್ಲ ಸೈಕಲ್ಲು ನಡುಗುತ್ತಿತ್ತು. ತಿರುವು ಬಂದಾಗ ಇಳಿದಳು. ಸೈಕಲ್ ನಡೆಸುವವಳು ಕಣ್ಣು ಮುಚ್ಚುವ ಹಾಗಿಲ್ಲ. ನೋಡಿದಳು. ಹನ್ನೊಂದು ವರ್ಷದ ಮೇಲೆ ಅಲ್ಲಿ ಏನೂ ಇರಲಿಲ್ಲ. ಹುಲ್ಲು, ಒಂದು ಪ್ಲಾಸ್ಟಿಕ್ ಚೀಲ.

ಹ್ಯಾಂಡಲಿನಲ್ಲಿ ಇನ್ನೂ ಬಿಚ್ಚದೆ ಉಳಿದಿದ್ದ ಫೋನು ಬಡಿದುಕೊಂಡಿತು. ಕಿಶನ. ಇಂದಿನ ಸೈಕಲ್ಲಿನವರು ಮುಳ್ಳಿನ ಮುಂದೆ ನಿಂತಿದ್ದಾರೆ, ದಾಟಲು ಬೇರೆ ದಾರಿ ಇದೆಯೇ, ಬೇಗ ಬಂದು ತೋರಿಸಬೇಕಂತೆ.

“ಅಕ್ಕಾ, ನೀ ಎಲ್ಲಿದ್ದೆ ಈಗ?”

“ನಿನ್ನ ಭಾವ ಬಿದ್ದಲ್ಲಿ,” ಎಂದಳು ಬೇಬಿ. ಫೋನನ್ನು ಹ್ಯಾಂಡಲಿನಿಂದ ಬಿಚ್ಚಿ ಮೀನಿನ ಪೆಟ್ಟಿಗೆಯ ಮಂಜುಗಡ್ಡೆಯೊಳಗೆ ಹುಗಿದು, ಸೈಕಲ್ಲನ್ನು ರಸ್ತೆಯ ಅಂಚಿಗೆ ತಳ್ಳಿಕೊಂಡು ನಡೆದಳು.