ಮಂಗನ ಓದಿನ ಹುಡುಗಿ

ನಮ್ಮ ಹಿಂದಿನ ಕೋಣೆಗೆ ಬಾಡಿಗೆಗೆ ಬಂದ ಹುಡುಗಿ ಮಂಗ ನೋಡಲು ಬಂದವಳು ಎಂದು ಗೊತ್ತಾದಾಗ ಮೊದಲು ನಗು ಬಂತು, ಆಮೇಲೆ ಅನುಮಾನ. ಯಲ್ಲಾಪುರದಲ್ಲಿ ಮಂಗಗಳಿಗೇನು ಬರಗಾಲ? ಲಾರಿಯವರು ಎಸೆಯುವ ಬಾಳೆಹಣ್ಣಿಗಾಗಿ ಹೆದ್ದಾರಿಯ ಪಕ್ಕ ಸಾಲಾಗಿ ಕೂತಿರುತ್ತವೆ. ಅವನ್ನು ನೋಡಲು ಮೈಸೂರಿನಿಂದ ಯಾರಾದರೂ ಬರುತ್ತಾರೆಯೇ?

ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ, "ಫಾರೆಸ್ಟಿನವ್ರು ಕಳ್ಸಿದ್ದು ಅದು. ಮಂಗನ ಹೆಸ್ರು ಹೇಳಿ ನಮ್ಮ ಅತಿಕ್ರಮಣದ ಜಾಗ ಅಳ್ಯಲೆ ಬಂದಿದ್ದು" ಎಂದಳು. ನನಗೇನೋ ಹಾಗನ್ನಿಸಲಿಲ್ಲ. ಜಾಗ ಅಳೆಯುವವರು ಮಂಗ ಹೇನು ಹೆಕ್ಕುವುದನ್ನು ದುರ್ಬೀನಿನಲ್ಲಿ ನೋಡುತ್ತ ಬೆಳಗಿಂದ ಬೈಗಿನವರೆಗೆ ಕೂರುವುದಿಲ್ಲ.

ಒಂದು ದಿನ ಹುಡುಗಿಗೆ ಚಹಾ ಕೊಡುತ್ತ, ಮಂಗನಲ್ಲಿ ನೋಡುವುದಾದರೂ ಏನು ಎಂದು ನೇರವಾಗಿಯೇ ಕೇಳಿದೆ. ಮನುಷ್ಯ, ಮಂಗ ಎರಡೂ ಒಂದೇ ಹಳೆಯ ಪೂರ್ವಜರಿಂದ ಕವಲೊಡೆದು ಬಂದವು, ಸತ್ತವರಿಗಾಗಿ ಮರುಗುವುದನ್ನು ಮನುಷ್ಯನಾದ ಮೇಲೆ ಕಲಿತೆವೋ ಅಥವಾ ಅದಕ್ಕೂ ಮೊದಲೇ ಅದು ಇತ್ತೋ, ಅದೇ ತನ್ನ ಸಂಶೋಧನೆ ಎಂದಳು. ಮರಿ ಸತ್ತರೆ ಕೆಲವು ತಾಯಿಮಂಗಗಳು ಅದನ್ನು ಬಿಡದೆ ಹೊತ್ತು ತಿರುಗುತ್ತವಂತೆ. ಅದನ್ನು ನೋಡುವುದೂ ಒಂದು ಓದೇ ಎಂದುಕೊಂಡೆ. ಅಷ್ಟರಲ್ಲಿ ಅವಳು ಲೋಟ ಕೆಳಗಿಡುತ್ತ, "ಅಮ್ಮ, ಈ ಕಡೆ ಎಳೇ ಮಕ್ಕಳು ತೀರಿಕೊಂಡ್ರೆ ಏನ್ ಮಾಡ್ತಾರೆ? ತಾಯಿ ಹತ್ರ ಎಷ್ಟು ಹೊತ್ತು ಬಿಡ್ತಾರೆ?" ಎಂದಳು.

"ನಂಗೊತ್ತಿಲ್ಲ ಮಾರಾಯ್ತಿ" ಎಂದು ಲೋಟ ಎತ್ತಿಕೊಂಡು ಒಳಗೆ ಬಂದುಬಿಟ್ಟೆ.

ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ನನ್ನ ಮೊದಲ ಮಗು ಹುಟ್ಟಿದ ಮಾರನೇ ದಿನವೇ ಹೋಯಿತು. ನಮ್ಮಲ್ಲಿ ಎಳೆಗೂಸನ್ನು ಸುಡುವುದಿಲ್ಲ, ಹುಗಿಯುತ್ತಾರೆ. ಗಂಡಸರು ಬಟ್ಟೆಯಲ್ಲಿ ಸುತ್ತಿ ಒಯ್ಯುತ್ತಾರೆ. ಎಲ್ಲಿಟ್ಟರು ಎಂದು ತಾಯಿಗೆ ಹೇಳುವುದಿಲ್ಲ, ತಾಯಿ ಕೇಳಲೂಬಾರದು. ಅತ್ತೆ ನನ್ನ ತೋಳಿನಿಂದ ಎತ್ತಿಕೊಂಡದ್ದಷ್ಟೇ ನನಗೆ ನೆನಪು. ಮುಂದೆ ಮಗಳು ಹುಟ್ಟಿದಳು, ಎಲ್ಲರೂ ಮರೆತರು. ಈಗ ಇದನ್ನು ಈ ಹುಡುಗಿಯ ಕಿವಿಗೆ ಹಾಕಿದವರು ಯಾರು? ನನ್ನನ್ನೂ ಮಂಗನ ಸಾಲಿನಲ್ಲಿ ಕೂರಿಸಿ ಬರೆಯಲು ಹೊರಟಿದ್ದಾಳೋ ಹೇಗೆ? ಸಿಟ್ಟು ನೆತ್ತಿಗೇರಿತು.

ನನ್ನ ಗುಮಾನಿ ನಮ್ಮ ಮನೆಯವರ ಮೇಲೆ. ಮರದ ಡಿಪೋದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸಂಜೆಯಾದರೆ ಈಗಲೂ ಕಾಲು ಡಿಪೋ ಕಡೆಗೇ ಎಳೆಯುತ್ತದೆ. ಇಸ್ಪೀಟಿಗೆ ಹೋಗುತ್ತಾರೆಂದು ಮೊದಲಿಂದಲೂ ನನ್ನ ಅನುಮಾನ. ಡಿಪೋ ಹಿಂದೆ ಒಂದು ಹಲಸಿನ ಮರವಿದೆ. ಬೀದಿಯವರೆಲ್ಲ ಅದರ ಕಾಯಿ ತಂದು ಹಪ್ಪಳ ಮಾಡುತ್ತಾರೆ, ದಿನಾ ಅಲ್ಲಿಗೆ ಹೋಗುವ ಇವರು ಮಾತ್ರ ಒಂದೇ ಒಂದು ಕಾಯಿ ತಂದವರಲ್ಲ. ಪ್ರತಿ ವರ್ಷ ಅದಕ್ಕೊಂದು ಬೈಗುಳ ನನ್ನಿಂದ ಇದ್ದೇ ಇದೆ. ಇತ್ತೀಚೆಗೆ ಆ ಹುಡುಗಿಯೂ ಇವರ ಜೊತೆಗೇ ಡಿಪೋ ಕಡೆಯಿಂದ ಬರತೊಡಗಿದ್ದಳು. ಗೇಟಿನ ಹತ್ತಿರ ನನ್ನನ್ನು ಕಂಡದ್ದೇ ಇಬ್ಬರ ಮಾತೂ ನಿಲ್ಲುತ್ತಿತ್ತು. ನನ್ನೆದುರು ಬಾಯಿ ಬಿಡದ ಮನುಷ್ಯನಿಗೆ ಅವಳ ಹತ್ತಿರ ಎಂಥ ಪಟ್ಟಾಂಗ?

ಹೀಗಿರುವಾಗ ಒಂದು ಮಧ್ಯಾಹ್ನ ಟ್ರಾನ್ಸ್‌ಫಾರ್ಮರಿನ ತಂತಿ ತಾಗಿ ಮಂಗನ ಮರಿಯೊಂದು ಸತ್ತಿತು. ತಾಯಿ ಅದನ್ನೆತ್ತಿಕೊಂಡು ನಮ್ಮ ಕಾಂಪೌಂಡಿನ ಮೇಲೆ ಬಂದು ಕೂತಿತು. ಬೀದಿಗೆ ಬೀದಿಯೇ ಸೇರಿತು. ಸಿದ್ದಾಪುರದ ಕಡೆಯ ಮಂಗನ ಕಾಯಿಲೆಯ ಸುದ್ದಿ ಕೇಳಿದ ನಮಗೆ ಸತ್ತ ಮಂಗ ಎಂದರೆ ಪ್ರಾಣವೇ ಹಾರಿಹೋಗುತ್ತದೆ. ಪಕ್ಕದ ಮನೆಯಾಕೆಯ ಗಂಡ, ಮಂಗ ಓಡಿಸಲು ಸಿಡಿಸುವ ಗರ್ನಾಲು ತಂದ. ಸದ್ದಿಗೆ ತಾಯಿ ಮರಿ ಬಿಟ್ಟು ಓಡಲಿ, ತಕ್ಷಣ ಹುಗಿದುಬಿಡುತ್ತೇನೆ ಎಂದ.

"ಕರೆಂಟ್ ಹೊಡೆದು ಸತ್ತಿದ್ದು, ನಾನೇ ನೋಡಿದೀನಿ. ಪಶು ಆಸ್ಪತ್ರೆಗೂ ಫೋನ್ ಮಾಡಿದೀನಿ. ಅವರು ಬರೋವರೆಗಾದ್ರೂ ಬಿಡಿ" ಎಂದು ಹುಡುಗಿ ಅಂಗಲಾಚಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ತಾಯಿ ಮರಿಯ ಮುಖದ ಮೇಲಿನ ನೊಣ ಓಡಿಸುತ್ತಿತ್ತು. ಆತ ಬೆಂಕಿಕಡ್ಡಿ ಗೀರಿದ.

"ಗರ್ನಾಲು ಹೊಡೆದ್ರೆ ನೋಡು ಮತ್ತೆ! ಅದ್ರ ಕೂಸು ಅದು, ಬೇಕಾದಷ್ಟು ಹೊತ್ತು ಇಟ್ಕಳ್ಲಿ!"

ಕೂಗಿದ್ದು ನಾನೇ. ಆತ ಕಡ್ಡಿ ಆರಿಸಿ ಕೆಳಗೆ ಹಾಕಿದ. ತಾಯಿ ಮರಿಯನ್ನು ಹೊಟ್ಟೆಗವಚಿಕೊಂಡು ಮಾವಿನ ಮರ ಹತ್ತಿತು.

ಜನ ಚದುರಿದ ಮೇಲೆ ಜಗಲಿಯಲ್ಲಿ ಕೂತಿದ್ದ ಇವರ ಎದುರು ಹೋಗಿ ನಿಂತೆ. "ನಮ್ಮ ಕೂಸಿನ ಸುದ್ದಿ ಆ ಹುಡುಗಿಗೆ ಎಂತಕ್ಕೆ ಹೇಳಿದ್ರಿ?"

ಇವರು ತಲೆ ಎತ್ತಲಿಲ್ಲ. "ದಿನಾ ಹಲಸಿನ ಮರದ ಬುಡದಲ್ಲಿ ಒಬ್ರೇ ಎಂತಕ್ಕೆ ಕೂತ್ಕತ್ರಿ ಹೇಳಿ ಆ ಹುಡುಗಿ ಕೇಳ್ತು. ನಾ ಹೇಳ್ದಿ. ನೀ ಒಂದಿನಾದ್ರೂ ಕೇಳಿದ್ಯನೇ?"

ಕೇಳಬಾರದೆಂದು ನನಗೆ ಹೇಳಿದ್ದರು. ಹೇಳಬಾರದೆಂದು ಇವರಿಗೂ ಹೇಳಿದ್ದರು. ಇಷ್ಟು ವರ್ಷ ಇಬ್ಬರೂ ಹೇಳಿದ ಹಾಗೇ ಕೇಳಿಕೊಂಡು ಒಂದೇ ಮನೆಯಲ್ಲಿ ಉಂಡು ಮಲಗಿದ್ದೆವು.

ಚಪ್ಪಲಿ ಮೆಟ್ಟಿಕೊಂಡೆ. "ನಡೀರಿ. ಮರದ ಯಾವ ಬದಿಗೆ ಇಟ್ಟಿದ್ದು, ತೋರ್ಸಿ" ಎಂದೆ.